ಗಾಜಿನೊಳಗೆ ಬೆಳಕನ್ನು ಹಿಂಬಾಲಿಸಿದ ಸರ್ ಸಿ.ವಿ. ರಾಮನ್



ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದುಕೊಳ್ಳಿ. ಎರಡು ಸಂಗತಿಗಳು ಒಟ್ಟಿಗೇ ನಿಮ್ಮ ಕಣ್ಣಿಗೆ ಬೀಳುತ್ತವೆ. ಕಿಟಕಿಯ ಗಾಜು ಮುಚ್ಚಿದ್ದರೂ ಆಚೆಗಿನ ಹೊಲ, ಮರ, ದನಕರು ಎಲ್ಲವೂ ಗಾಜೇ ಇಲ್ಲವೇನೋ ಎಂಬಂತೆ ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದು, ಹತ್ತಿರದ ಕಾಡು ಹಸಿರಾಗಿದ್ದರೂ ದೂರದ ಬೆಟ್ಟಸಾಲು ಮಾತ್ರ ನೀಲಿಯಾಗಿ ಕಾಣುತ್ತದೆ. ಗಾಜು ಕಲ್ಲಿನಷ್ಟು ಗಟ್ಟಿ, ಆದರೂ ಬೆಳಕನ್ನು ತಡೆಯುವುದಿಲ್ಲ. ಗಾಳಿಗೆ ಬಣ್ಣವೇ ಇಲ್ಲ, ಆದರೂ ಅದು ಬೆಟ್ಟಕ್ಕೆ ನೀಲಿ ಬಣ್ಣ ಕೊಡುತ್ತದೆ. ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಒಂದೇ ಪ್ರಶ್ನೆಯ ಎರಡು ಮುಖಗಳು. ಪಾರದರ್ಶಕ ವಸ್ತುವಿನೊಳಗೆ ಬೆಳಕಿಗೆ ಏನಾಗುತ್ತದೆ ಎಂಬುದೇ ಆ ಪ್ರಶ್ನೆ. ಇದರ ಬೆನ್ನು ಹತ್ತಿ ಇಡೀ ಜೀವನ ದುಡಿದು, ತಮ್ಮ ಬದುಕಿನ ಕೊನೆಯ 37 ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದವರು ಸರ್ ಚಂದ್ರಶೇಖರ ವೆಂಕಟ ರಾಮನ್.

ರಾಮನ್ ಅವರು 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅಧ್ಯಾಪಕರು, ತಾಯಿ ಪಾರ್ವತಿ ಅಮ್ಮಾಳ್. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಆದರೆ ಪುಸ್ತಕಗಳಿದ್ದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮತ್ತು 1907ರಲ್ಲಿ ಎಂ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಸಂಶೋಧನಾ ಲೇಖನ ಇಂಗ್ಲೆಂಡಿನ ಹೆಸರಾಂತ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಆ ಕಾಲದಲ್ಲಿ ಭಾರತೀಯ ಯುವಕನೊಬ್ಬನಿಗೆ ವಿಜ್ಞಾನವನ್ನೇ ಜೀವನೋಪಾಯ ಮಾಡಿಕೊಳ್ಳುವ ದಾರಿಗಳು ತೀರ ಕಡಿಮೆ. ಪ್ರತಿಭಾವಂತರೆಲ್ಲ ಸರ್ಕಾರಿ ಹುದ್ದೆಯನ್ನೇ ಹಿಡಿಯುತ್ತಿದ್ದರು. ರಾಮನ್ ಅವರೂ ಪರೀಕ್ಷೆ ಬರೆದು 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾಕ್ಕೆ ಹೋದರು. ಅದೇ ವರ್ಷ ಲೋಕಸುಂದರಿ ಅವರೊಡನೆ ವಿವಾಹವಾಯಿತು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ.

ಕಲ್ಕತ್ತಾದ ಬೌಬಜಾರ್ ರಸ್ತೆಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘವೊಂದಿತ್ತು. ಅಲ್ಲಿ ಪ್ರಯೋಗಾಲಯವಿದ್ದರೂ ಸಂಶೋಧನೆ ಮಾಡುವವರು ಇರಲಿಲ್ಲ. ರಾಮನ್ ಅವರು ಕಛೇರಿಗೆ ಮುಂಚೆ ಮತ್ತು ಕಛೇರಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಪ್ರಯೋಗ ಮಾಡತೊಡಗಿದರು. ಹೀಗೆ ಹತ್ತು ವರ್ಷ ನಡೆಯಿತು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿಕೊಂಡು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಹೊಸ ಹುದ್ದೆಯ ಸಂಬಳ ಹಳೆಯದಕ್ಕಿಂತ ಕಡಿಮೆ. ಸಂಸಾರಸ್ಥನೊಬ್ಬ ಭದ್ರವಾದ ಅಧಿಕಾರವನ್ನು ಬಿಟ್ಟು ಮೇಷ್ಟರ ಕೆಲಸಕ್ಕೆ ಹೋಗುವುದು ಇಂದಿಗೂ ಸುಲಭದ ನಿರ್ಧಾರವಲ್ಲ ಎಂಬುದನ್ನು ನೀವೇ ಬಲ್ಲಿರಿ.

1921ರಲ್ಲಿ ಅವರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿ ಬಂದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿಯಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ಲಾರ್ಡ್ ರೇಲಿ ಎಂಬ ದೊಡ್ಡ ವಿಜ್ಞಾನಿ ಹೇಳಿಬಿಟ್ಟಿದ್ದರು. ರಾಮನ್ ಅವರ ಬಳಿ ನಿಕೋಲ್ ಪಟ್ಟಕ ಎಂಬ ಪುಟ್ಟ ಉಪಕರಣವಿತ್ತು. ಅದರ ಮೂಲಕ ನೋಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ಅಳಿಸಿಹಾಕಬಹುದು. ಹಾಗೆ ಅಳಿಸಿದ ಮೇಲೂ ನೀಲಿ ಹೋಗಲಿಲ್ಲ, ಬದಲಿಗೆ ಇನ್ನಷ್ಟು ಗಾಢವಾಯಿತು. ಅಂದರೆ ನೀಲಿ ಬರುತ್ತಿದ್ದುದು ನೀರಿನ ಒಳಗಿನಿಂದಲೇ! ನೀರಿನ ಅಣುಗಳು ಬೆಳಕನ್ನು ಚದುರಿಸುತ್ತಿದ್ದವು. ನೀವು ಕಂಡ ಬೆಟ್ಟದ ನೀಲಿಯೂ ಹೀಗೆಯೇ, ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಚದುರಿಸಿದ ಬೆಳಕು. ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಚದುರುತ್ತದೆ.

ಕಲ್ಕತ್ತಾಕ್ಕೆ ಮರಳಿದ ರಾಮನ್ ಅವರು ಶಿಷ್ಯರೊಂದಿಗೆ ಎಲ್ಲ ಬಗೆಯ ಪಾರದರ್ಶಕ ವಸ್ತುಗಳನ್ನೂ ಪರೀಕ್ಷಿಸತೊಡಗಿದರು. ಅನಿಲ, ದ್ರವ, ಹರಳು, ಮಂಜುಗಡ್ಡೆ, ಕೊನೆಗೆ ಗಾಜು. 1927ರಲ್ಲಿ ಹರಳಿನ ರಚನೆಯಿಲ್ಲದ ಘನವಸ್ತುಗಳಲ್ಲಿ ಬೆಳಕಿನ ಚದುರುವಿಕೆ ಕುರಿತು ಅವರ ಲೇಖನ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅತ್ಯುತ್ತಮ ಗಾಜಿನ ತುಂಡಿನ ಮೂಲಕ ಪ್ರಬಲವಾದ ಬೆಳಕಿನ ಕಿರಣವನ್ನು ಹಾಯಿಸಿ, ಕತ್ತಲೆಯಲ್ಲಿ ಪಕ್ಕದಿಂದ ನೋಡಿದರೆ ಕಿರಣದ ಹಾದಿ ಮಸುಕಾದ ನೀಲಿ ಗೆರೆಯಂತೆ ಕಾಣುತ್ತದೆ. ಅದು ದೂಳಿನಿಂದಲೋ ಗುಳ್ಳೆಯಿಂದಲೋ ಬಂದದ್ದಲ್ಲ. ಗಾಜಿನ ಒಳರಚನೆಯೇ ಅದಕ್ಕೆ ಕಾರಣ.

ಇಲ್ಲಿ ಸ್ವಲ್ಪ ನಿಂತು, ಗಾಜು ಪಾರದರ್ಶಕವಾಗಿರುವುದು ಏಕೆ ಎಂಬುದನ್ನು ಇಂದಿನ ವಿಜ್ಞಾನದ ಬೆಳಕಿನಲ್ಲಿ ನೋಡೋಣ. ಒಂದು ವಸ್ತು ಪಾರದರ್ಶಕವಾಗಲು ಎರಡು ಷರತ್ತುಗಳಿವೆ. ಮೊದಲನೆಯದು, ಅದು ಬೆಳಕನ್ನು ನುಂಗಬಾರದು. ವಸ್ತುವಿನ ಎಲೆಕ್ಟ್ರಾನ್‌ಗಳು ಮೆಟ್ಟಿಲುಗಳ ಮೇಲೆ ಇರುವಂತೆ ನಿಗದಿತ ಶಕ್ತಿಮಟ್ಟಗಳಲ್ಲಿ ಇರುತ್ತವೆ. ಬೆಳಕಿನ ಶಕ್ತಿಯನ್ನು ಹೀರಬೇಕಾದರೆ ಮೇಲಿನ ಮೆಟ್ಟಿಲಿಗೆ ಹತ್ತಬೇಕು. ಗಾಜಿನ ಮುಖ್ಯ ವಸ್ತುವಾದ ಸಿಲಿಕಾದಲ್ಲಿ ಈ ಮೆಟ್ಟಿಲು ಸುಮಾರು 9 ಎಲೆಕ್ಟ್ರಾನ್ ವೋಲ್ಟ್ ಎತ್ತರವಿದೆ. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿಯಾದರೋ ಸುಮಾರು 1.6ರಿಂದ 3.1 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಹತ್ತಲಾರದ ಮೆಟ್ಟಿಲಾದ್ದರಿಂದ ಬೆಳಕು ನುಂಗಲ್ಪಡದೆ ಮುಂದೆ ಸಾಗುತ್ತದೆ. ಲೋಹಗಳಲ್ಲಿ ಹಾಗಲ್ಲ, ಅಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನ್‌ಗಳು ಬೆಳಕನ್ನು ಒಳಗೆ ಬಿಡುವುದೇ ಇಲ್ಲ. ಗಾಜಿಗೆ ಸ್ವಲ್ಪ ಕೋಬಾಲ್ಟ್ ಬೆರೆಸಿದರೆ ಕೆಲವು ಬಣ್ಣಗಳು ನುಂಗಲ್ಪಟ್ಟು ನೀಲಿ ಬಳೆ ಸಿಗುತ್ತದೆ. ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುವುದು ಅದರಲ್ಲಿರುವ ಅಲ್ಪ ಕಬ್ಬಿಣದ ಅಂಶದಿಂದ.

ಎರಡನೆಯ ಷರತ್ತು, ವಸ್ತುವು ಬೆಳಕನ್ನು ಹೆಚ್ಚು ಚದುರಿಸಬಾರದು. ಗಾಜನ್ನು ಪುಡಿ ಮಾಡಿದರೆ ಅದು ಬೆಳ್ಳಗಾಗುತ್ತದೆ. ವಸ್ತು ಅದೇ, ಆದರೆ ಪ್ರತಿ ಕಣದ ಮೇಲ್ಮೈಯಲ್ಲೂ ಬೆಳಕು ಬಾಗಿ, ಪ್ರತಿಫಲಿಸಿ ಎಲ್ಲ ದಿಕ್ಕಿಗೂ ಚದುರಿಬಿಡುತ್ತದೆ. ಅದೇ ಪುಡಿಯನ್ನು ಗಾಜಿನಷ್ಟೇ ವಕ್ರೀಭವನ ಸೂಚ್ಯಂಕವಿರುವ ದ್ರವದಲ್ಲಿ ಮುಳುಗಿಸಿದರೆ ಮತ್ತೆ ಪಾರದರ್ಶಕವಾಗುತ್ತದೆ. ಕ್ರಿಸ್ಟಿಯಾನ್ಸೆನ್ ಪ್ರಯೋಗ ಎಂದು ಕರೆಯುವ ಇದರ ಸಿದ್ಧಾಂತದ ಬಗ್ಗೆ ರಾಮನ್ ಅವರು 1949ರಲ್ಲಿ ಬರೆದರು. ನಮ್ಮ ವಿದ್ಯಾರ್ಥಿಗಳು ಶಾಲೆಯ ಪ್ರಯೋಗಾಲಯದಲ್ಲಿ ಇದರ ಸರಳ ರೂಪವನ್ನು ಮಾಡಿ ನೋಡಬಹುದು. ಬೋರೋಸಿಲಿಕೇಟ್ ಗಾಜಿನ ಪ್ರನಾಳದೊಳಗೆ ಗ್ಲಿಸರಿನ್ ತುಂಬಿ, ಅದನ್ನು ಗ್ಲಿಸರಿನ್ ಇರುವ ಬೀಕರಿನಲ್ಲಿ ಇಳಿಸಿದರೆ, ಮುಳುಗಿದ ಭಾಗ ಕಣ್ಣಿಗೆ ಬಹುತೇಕ ಮಾಯವಾಗುತ್ತದೆ. ಎರಡರ ಸೂಚ್ಯಂಕವೂ ಸುಮಾರು 1.47.

ಇನ್ನು ಗಾಜು ಘನವೋ ದ್ರವವೋ ಎಂಬ ಪ್ರಶ್ನೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಅದರ ಅಣುಗಳು ಸಾಲಾಗಿ ಜೋಡಣೆಗೊಂಡು ಹರಳಾಗುತ್ತವೆ. ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಕರಗಿಸಿ ತಣಿಸಿದರೆ ಹಾಗಾಗುವುದಿಲ್ಲ. ದ್ರವ ಮಂದವಾಗುತ್ತಾ ಆಗುತ್ತಾ, ಜೋಡಣೆಗೆ ಅವಕಾಶವೇ ಸಿಗದೆ, ಸುಮಾರು 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ. ಪರಮಾಣುಗಳು ದ್ರವದಲ್ಲಿದ್ದ ಅಸ್ತವ್ಯಸ್ತ ಸ್ಥಿತಿಯಲ್ಲೇ ನಿಂತುಬಿಡುತ್ತವೆ. ಹರಳಿನಲ್ಲಿ ಎಲ್ಲವೂ ಶಿಸ್ತಾಗಿರುವುದರಿಂದ ಪಕ್ಕಕ್ಕೆ ಚದುರುವ ಅಲೆಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಗಾಜಿನಲ್ಲಿ ಸಾಂದ್ರತೆ ಅಲ್ಲಲ್ಲಿ ಅತ್ಯಲ್ಪ ಏರುಪೇರಾಗಿರುವುದರಿಂದ ಸ್ವಲ್ಪ ಬೆಳಕು ಚದುರಿ ಉಳಿಯುತ್ತದೆ. ಆ ಏರುಪೇರು ಬೆಳಕಿನ ತರಂಗದೂರಕ್ಕಿಂತ ತೀರ ಚಿಕ್ಕದಾದ್ದರಿಂದ ಗಾಜು ಪಾರದರ್ಶಕವಾಗಿಯೇ ಇರುತ್ತದೆ. ಕತ್ತಲೆಯಲ್ಲಿ ಕಂಡ ಆ ಮಸುಕು ನೀಲಿ ಗೆರೆ, ಗಾಜು ಒಂದು ಕಾಲದಲ್ಲಿ ದ್ರವವಾಗಿತ್ತು ಎಂಬುದಕ್ಕೆ ಬೆಳಕೇ ಹೇಳುವ ಸಾಕ್ಷಿ.

ಹಾಗೆಂದು ಗಾಜು ಈಗಲೂ ಹರಿಯುತ್ತಿದೆ ಎಂದು ತಿಳಿಯಬಾರದು. ಯುರೋಪಿನ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಭಾಗದಲ್ಲಿ ದಪ್ಪವಾಗಿರುವುದನ್ನು ತೋರಿಸಿ, ಗಾಜು ನಿಧಾನವಾಗಿ ಹರಿಯುವ ದ್ರವ ಎಂದು ಹೇಳುವವರಿದ್ದಾರೆ. ಅಂದಿನ ಕುಶಲಕರ್ಮಿಗಳು ಊದಿ ತಯಾರಿಸುತ್ತಿದ್ದ ಹಾಳೆಗಳು ಎಲ್ಲೆಡೆ ಒಂದೇ ದಪ್ಪ ಇರುತ್ತಿರಲಿಲ್ಲ, ಕಾರಣ ಅಷ್ಟೇ. ಸಾಮಾನ್ಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು ಎಂದು ಲೆಕ್ಕ ಹಾಕಲಾಗಿದೆ. ಆದ್ದರಿಂದ ವಿಜ್ಞಾನಿಗಳು ಗಾಜನ್ನು ಅಸ್ಫಟಿಕ ಘನ ಎಂದು ವರ್ಗೀಕರಿಸುತ್ತಾರೆ. ವರ್ತನೆಯಲ್ಲಿ ಘನ, ಒಳಜೋಡಣೆಯಲ್ಲಿ ದ್ರವದ ಹೋಲಿಕೆ. ದ್ರವವು ಹೀಗೆ ಬಿಗಿದುಕೊಳ್ಳುವುದರ ಪೂರ್ಣ ಕಾರಣ ಭೌತವಿಜ್ಞಾನದಲ್ಲಿ ಇಂದಿಗೂ ಬಗೆಹರಿಯದ ಪ್ರಶ್ನೆ. ನಿಮ್ಮಲ್ಲಿ ಯಾರಿಗಾದರೂ ಅದು ಕಾದಿರಬಹುದು.

ಮತ್ತೆ ರಾಮನ್ ಅವರ ಬದುಕಿಗೆ ಬರೋಣ. ಅವರ ಶಿಷ್ಯ ವೆಂಕಟೇಶ್ವರನ್ ಅವರು ಶುದ್ಧೀಕರಿಸಿದ ಗ್ಲಿಸರಿನ್ನಿನಲ್ಲಿ ಚದುರಿದ ಸೂರ್ಯನ ಬೆಳಕು ನೀಲಿಯಾಗಿರದೆ ಹಸಿರು ಛಾಯೆಯಲ್ಲಿ ಕಂಡಿತು. ದ್ರವವನ್ನು ಎಷ್ಟು ಶುದ್ಧ ಮಾಡಿದರೂ ಆ ಬಣ್ಣ ಹೋಗಲಿಲ್ಲ. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರೊಡನೆ ಪ್ರಯೋಗ ಮುಂದುವರಿಸಿ, 1928ರ ಫೆಬ್ರವರಿ 28ರಂದು ನಿರ್ಣಯಕ್ಕೆ ಬಂದರು. ಚದುರಿದ ಬೆಳಕಿನ ಒಂದು ಚಿಕ್ಕ ಪಾಲು ಅಣುಗಳೊಂದಿಗೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು ಬಣ್ಣವನ್ನೇ ಬದಲಿಸುತ್ತದೆ. ಇದೇ ರಾಮನ್ ಪರಿಣಾಮ. ದ್ರವಗಳಲ್ಲಿ ಮಾತ್ರವಲ್ಲ, ಮಂಜುಗಡ್ಡೆಯಲ್ಲೂ ಗಾಜಿನಲ್ಲೂ ಅದು ಕಂಡಿತು. ಇದನ್ನು ಅವರು ವಿವರವಾಗಿ ವಿಜ್ಞಾನಿಗಳ ಮುಂದಿಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಏಷ್ಯಾ ಖಂಡಕ್ಕೆ ವಿಜ್ಞಾನದಲ್ಲಿ ಬಂದ ಮೊದಲ ನೊಬೆಲ್ ಅದು. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ಮೈಸೂರು ಸಂಸ್ಥಾನ ಜಾಗ ನೀಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕೆರೆ, ಕಾಲುವೆ, ಕಾರ್ಖಾನೆಗಳ ಜೊತೆಗೆ ಶುದ್ಧ ವಿಜ್ಞಾನಕ್ಕೂ ಸ್ಥಳವಿದ್ದ ಕಾಲ ಅದು. ಮಣ್ಣಿನಲ್ಲಿ ಶತಮಾನಗಳ ಕಾಲ ಹೂತಿದ್ದ ಪ್ರಾಚೀನ ಗಾಜಿನ ಮೇಲೆ ಕಾಣುವ ನವಿಲುಬಣ್ಣಗಳನ್ನೂ ಅವರು ಬೆಂಗಳೂರಿನಲ್ಲಿದ್ದಾಗ ಅಭ್ಯಸಿಸಿದರು. ಗಾಜು ಸವೆದು ಪದರ ಪದರವಾಗಿರುವುದೇ ಆ ಬಣ್ಣಗಳ ಮೂಲ.

ದೊಡ್ಡವರ ಜೀವನ ಬರೆಯುವಾಗ ಕೊರತೆಗಳನ್ನು ಮುಚ್ಚಿಡಬಾರದು. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣುಮಗಳು ಎಂಬ ಕಾರಣಕ್ಕೆ ರಾಮನ್ ಅವರು ಪ್ರವೇಶ ನಿರಾಕರಿಸಿದರು. ಆಕೆ ಸುಮ್ಮನೆ ಹಿಂದಿರುಗಲಿಲ್ಲ, ಪಟ್ಟು ಹಿಡಿದರು. ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನ ಮೇಲೆ ಸೇರಿ, ತಮ್ಮ ಕೆಲಸದಿಂದಲೇ ಉತ್ತರ ಕೊಟ್ಟರು. ಅವರೇ ಮುಂದೆ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದ ಕಮಲಾ ಸೊಹೊನಿ. ಆ ಒಂದು ವರ್ಷದ ನಂತರ ರಾಮನ್ ಅವರು ತಮ್ಮ ನಿಲುವನ್ನು ಬದಲಿಸಿಕೊಂಡರು. ಪ್ರಯೋಗಶಾಲೆಯ ಬಾಗಿಲಲ್ಲಿ ಹಿಂಜರಿದು ನಿಲ್ಲುವ ನಮ್ಮ ಹೆಣ್ಣುಮಕ್ಕಳೂ, ಅವರನ್ನು ತಡೆಯುವ ಹಿರಿಯರೂ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಗಿ ಬಂದರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ನಿವೃತ್ತಿಯ ನಂತರ ಅಕಾಡೆಮಿಯ ಜಾಗದಲ್ಲಿ ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ದುಡಿದರು. 1954ರಲ್ಲಿ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ಆವರಣದಲ್ಲೇ ಅಂತ್ಯಸಂಸ್ಕಾರ ನಡೆಯಿತು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಅದೇ 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ದೂರಸಂಪರ್ಕಕ್ಕೆ ತಕ್ಕ ಗಾಜಿನ ಎಳೆಯನ್ನು ಮೊದಲ ಬಾರಿಗೆ ತಯಾರಿಸಿದರು. ಅದರಲ್ಲಿ ಒಂದು ಕಿಲೋಮೀಟರ್ ಸಾಗುವ ಹೊತ್ತಿಗೆ ನೂರರಲ್ಲಿ ಸುಮಾರು ಎರಡು ಪಾಲು ಬೆಳಕು ಉಳಿಯುತ್ತಿತ್ತು. ಇಂದಿನ ಎಳೆಗಳಲ್ಲಿ ಸುಮಾರು 95 ಪಾಲು ಉಳಿಯುತ್ತದೆ. ನಿಮ್ಮ ಮೊಬೈಲಿನ ಸಂದೇಶಗಳು ದೂರ ದೇಶಗಳಿಗೆ ಹೋಗುವುದು ಇಂಥ ಎಳೆಗಳ ಮೂಲಕವೇ. ಕಳೆದುಹೋಗುವ ಆ ಅಲ್ಪ ಬೆಳಕಿನಲ್ಲಿ ಹೆಚ್ಚಿನದು ಗಾಜಿನೊಳಗೆ ಹೆಪ್ಪುಗಟ್ಟಿದ ಅದೇ ಅಸ್ತವ್ಯಸ್ತತೆಯಿಂದ ಚದುರುವ ಬೆಳಕು. ಯಾವ ಉಪಯೋಗವನ್ನೂ ಎಣಿಸದೆ ಕಲ್ಕತ್ತಾದ ಕತ್ತಲೆ ಕೋಣೆಯಲ್ಲಿ ನೋಡಿದ್ದ ವಿಷಯ ಹೀಗೆ ಕೋಟ್ಯಂತರ ಜನರ ನಿತ್ಯದ ಬಳಕೆಗೆ ಬಂದು ನಿಂತಿದೆ.

ವಿದ್ಯಾರ್ಥಿ ಮಿತ್ರರೇ, ಮುಂದೆ ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ಗಾಜು ಘನವೋ ದ್ರವವೋ ಎಂದು ಯಾರಾದರೂ ಕೇಳಿದರೆ, ಅಸ್ಫಟಿಕ ಘನ ಎಂದು ಉತ್ತರಿಸಿ. ಉತ್ತರದ ಜೊತೆಗೆ ಕಾರಣವನ್ನೂ ಹೇಳಿ. ಹಿರಿಯ ವಿಜ್ಞಾನಿ ಹೇಳಿದ್ದಾರೆ ಎಂಬುದಷ್ಟೇ ಸಾಕು ಎಂದು ರಾಮನ್ ಅವರು ಭಾವಿಸಿದ್ದರೆ ಸಮುದ್ರದ ನೀಲಿಯ ಪ್ರಶ್ನೆ 1921ರಲ್ಲಿ ಹಡಗಿನ ಮೇಲೆಯೇ ಮುಗಿದುಹೋಗುತ್ತಿತ್ತು.