ಮುಳಬಾಗಿಲಿನ ಅಕ್ಷರಜ್ಯೋತಿ: ಡಾ. ಡಿ. ವಿ. ಗುಂಡಪ್ಪನವರು

ಶತಮಾನೋತ್ಸವವೆಂಬುದು ಹಿಂದಿರುಗಿ ನೋಡುವ ಪುಣ್ಯಕಾಲ. ಮುಂದೆ ಬರುವವರಿಗೆ ನಾವು ಏನನ್ನು ಬಿಟ್ಟುಹೋಗಬೇಕೆಂದು ಚಿಂತಿಸುವ ಕಾಲವೂ ಹೌದು. ಈ ಸ್ಮರಣ ಸಂಚಿಕೆಗೆ ಲೇಖನಗಳನ್ನು ಕೋರಿ ನಾವು ನಮ್ಮ ಧರ್ಮಕೇಂದ್ರದ ಯುವಕ ಯುವತಿಯರನ್ನು ಕಂಡಾಗ, ಬಹುಮಂದಿಯಿಂದ ನಮಗೆ ದೊರೆತ ಉತ್ತರ ಒಂದೇ ಆಗಿತ್ತು: ತಮಗೆ ಬರೆಯಲು ಬಾರದು. ಕೆಲವರ ಮನೆಮಾತು ತಮಿಳು, ಕೆಲವರದು ತೆಲುಗು. ಮತ್ತೆ ಕೆಲವರು ಶಾಲೆಯ ಪರೀಕ್ಷೆಯಲ್ಲಿ ಒಮ್ಮೆ ಸೋತು, ಅಕ್ಷರಲೋಕ ತಮ್ಮದಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡವರು. ಈ ಸಂಕೋಚವನ್ನು ಕಂಡು ನಮಗೆ ನೋವಾಯಿತು. ಆದ್ದರಿಂದ ನಮ್ಮದೇ ಜಿಲ್ಲೆಯ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇವೆ.

ಡಿ. ವಿ. ಗುಂಡಪ್ಪನವರು ಕ್ರೈಸ್ತರಲ್ಲ, ವೈದಿಕ ಸಂಪ್ರದಾಯದ ಮನೆತನದಲ್ಲಿ ಜನಿಸಿ, ಅದರಲ್ಲಿಯೇ ಶ್ರದ್ಧೆಯಿಂದ ಬಾಳಿದವರು. ಆದರೆ ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವದಿಂದ ಕಾಣಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ನಮಗೆ ಬೋಧಿಸಿದೆ. ಸಜ್ಜನರ ಬಾಳು ಯಾವ ಅಂಗಳದಲ್ಲಿ ಅರಳಿದರೂ ಅದರ ಪರಿಮಳ ನೆರೆಹೊರೆಗೆಲ್ಲ ಸಲ್ಲುತ್ತದೆ.

ಗುಂಡಪ್ಪನವರು 1887ನೆಯ ಇಸವಿ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಜನಿಸಿದರು. ತಂದೆ ವೆಂಕಟರಮಣಯ್ಯನವರು, ತಾಯಿ ಅಲಮೇಲಮ್ಮನವರು. ಹುಟ್ಟೂರಿನಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಮುಂದಿನ ಓದಿಗಾಗಿ ಮೈಸೂರಿಗೆ ತೆರಳಿದ ಬಾಲಕನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅಂದಿನ ದಿನಗಳಲ್ಲಿ ಆ ಪರೀಕ್ಷೆಯೆಂದರೆ ಸರ್ಕಾರಿ ನೌಕರಿಯ ಹೆಬ್ಬಾಗಿಲು. ಆ ಬಾಗಿಲು ಮುಚ್ಚಿದ ಮೇಲೆ ಹೊಟ್ಟೆಪಾಡಿಗಾಗಿ ಅವರು ಹಲವು ಕಡೆ ಅಲೆಯಬೇಕಾಯಿತು. ಕೆಲಕಾಲ ಊರಿನಲ್ಲೇ ಬದಲಿ ಉಪಾಧ್ಯಾಯರಾಗಿದ್ದರು. ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರು. ಮುಂದೊಂದು ದಿನ ಕನ್ನಡನಾಡು ಈ ತರುಣನ ಪದ್ಯಗಳನ್ನು ಕಂಠಪಾಠ ಮಾಡೀತೆಂದು ಅಂದು ಯಾರು ತಾನೇ ಊಹಿಸಿದ್ದರು?

ಪರೀಕ್ಷೆ ಸೋತಿತ್ತು, ಓದು ನಿಂತಿರಲಿಲ್ಲ. ಇದೇ ಗುಂಡಪ್ಪನವರ ಬಾಳಿನ ಮರ್ಮವೆಂದು ನಮಗೆ ತೋರುತ್ತದೆ. ಸಂಸ್ಕೃತವನ್ನೂ ಇಂಗ್ಲಿಷನ್ನೂ ಅವರು ಬಹುಪಾಲು ಸ್ವಂತ ಪರಿಶ್ರಮದಿಂದ, ಬಲ್ಲವರ ಸಹವಾಸದಿಂದ ಕರಗತ ಮಾಡಿಕೊಂಡರು. ಪತ್ರಿಕೆಗಳಿಗೆ ಬರೆಯುತ್ತ ಬರೆಯುತ್ತ ಬರೆಯುವುದನ್ನು ಕಲಿತರು. ಆ ದಾರಿಯೂ ಸುಗಮವಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಜಾರಿಗೆ ಬಂದ ಪತ್ರಿಕಾ ನಿರ್ಬಂಧದ ಕಾನೂನಿನಿಂದ ಪತ್ರಿಕಾಕರ್ತರ ಬಾಳು ದುಸ್ತರವಾಯಿತು. ಆದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1910ರ ದಶಕದಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿ, ದಿವಾನರ ಆಡಳಿತವನ್ನು ನಿರ್ಭಯವಾಗಿ, ಆದರೆ ಸಭ್ಯತೆ ಮೀರದೆ ವಿಮರ್ಶಿಸಿದರು. ಮೆಟ್ರಿಕ್ ದಾಟದವರೊಬ್ಬರು ಬರೆದ ಇಂಗ್ಲಿಷನ್ನು ಪದವೀಧರರು ಗೌರವದಿಂದ ಓದುವಂತಾಯಿತು.

ಅವರ ಸಾಹಿತ್ಯಕೃಷಿ ಆತುರದ ಬೆಳೆಯಲ್ಲ. ವಸಂತ ಕುಸುಮಾಂಜಲಿ ಎಂಬ ಕವನಸಂಗ್ರಹ ಪ್ರಕಟವಾದದ್ದು 1922ರಲ್ಲಿ, ಅವರ 35ನೆಯ ವಯಸ್ಸಿನಲ್ಲಿ. ಎರಡೇ ವರ್ಷಗಳಲ್ಲಿ, 1924ರಲ್ಲಿ, ಪತ್ನಿ ಭಾಗೀರಥಮ್ಮನವರು ಬೆಂಕಿಯ ಅಪಘಾತದಲ್ಲಿ ತೀರಿಕೊಂಡರು. ಮನೆಯಲ್ಲಿ ಎಳೆಯ ಮಕ್ಕಳು, ಕೈಯಲ್ಲಿ ಸ್ಥಿರವಾದ ವರಮಾನವಿಲ್ಲ. ಗುಂಡಪ್ಪನವರು ಮರುವಿವಾಹವಾಗಲಿಲ್ಲ, ಬಂದ ದುಃಖವನ್ನು ನುಂಗಿಕೊಂಡು ಸಂಸಾರವನ್ನೂ ಸಾರ್ವಜನಿಕ ಕಾರ್ಯವನ್ನೂ ಜೊತೆಯಾಗಿಯೇ ನಡೆಸಿದರು. ಮಂಕುತಿಮ್ಮನ ಕಗ್ಗ ಹೊರಬಂದದ್ದು 1943ರಲ್ಲಿ. ಆಗ ಅವರಿಗೆ 56 ವರ್ಷ. ನಾಲ್ಕು ಸಾಲಿನ 945 ಪದ್ಯಗಳ ಆ ಗ್ರಂಥವು ಇಂದು ಪಂಡಿತರ ಕಪಾಟಿನಲ್ಲಿರುವಂತೆಯೇ ಸಾಮಾನ್ಯರ ನಾಲಗೆಯ ಮೇಲೂ ಇದೆ. ಕಷ್ಟವನ್ನು ಉಂಡು ಅರಗಿಸಿಕೊಂಡ ಮನಸ್ಸಲ್ಲದೆ ಮತ್ತಾವ ಮನಸ್ಸೂ ಅಂತಹ ಸಾಂತ್ವನವನ್ನು ನೀಡಲಾರದು.

ತಾವು ಬೆಳೆದುದಷ್ಟೇ ಅವರ ಹಿರಿಮೆಯಲ್ಲ; ಇತರರು ಬೆಳೆಯಲು ನೆಲವನ್ನು ಹದಮಾಡಿಕೊಟ್ಟದ್ದು ಇನ್ನೂ ದೊಡ್ಡದು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಆರಂಭದಿಂದಲೂ ದುಡಿದ ಅವರು 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅನಂತರ ಪರಿಷತ್ತಿನ ಉಪಾಧ್ಯಕ್ಷರಾಗಿ ವಸಂತ ಸಾಹಿತ್ಯೋತ್ಸವಕ್ಕೂ ಗಮಕ ಶಿಕ್ಷಣಕ್ಕೂ ಪ್ರೋತ್ಸಾಹವಿತ್ತರು. ಹಳಗನ್ನಡ ಕಾವ್ಯವನ್ನು ರಾಗವಾಗಿ ಓದಿ ಜನರಿಗೆ ಕೇಳಿಸಿದರೆ, ಅಕ್ಷರ ಬಾರದವರ ಕಿವಿಗೂ ಕಾವ್ಯ ತಲುಪುತ್ತದೆಂಬುದು ಅವರ ನಂಬಿಕೆಯಾಗಿತ್ತು.

1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಅವರು ಸ್ಥಾಪಿಸಿದರು. ಅಲ್ಲಿ ಗ್ರಂಥಾಲಯವೂ ವಾಚನಾಲಯವೂ ಇದ್ದುವು. ಅವುಗಳಿಗಿಂತ ಮಿಗಿಲಾಗಿ ಅಧ್ಯಯನ ಗೋಷ್ಠಿಗಳಿದ್ದುವು. ತರುಣರು ಹಿರಿಯರೊಡನೆ ಕುಳಿತು ಒಂದು ಗ್ರಂಥವನ್ನು ನಿಧಾನವಾಗಿ ಓದುವುದು, ಅರ್ಥವನ್ನು ಚರ್ಚಿಸುವುದು, ಸಂದೇಹಗಳನ್ನು ಸಂಕೋಚವಿಲ್ಲದೆ ಕೇಳುವುದು ಅಲ್ಲಿಯ ಪದ್ಧತಿ. ಪದವಿಯಿಲ್ಲದವನಿಗೂ ಅಲ್ಲಿ ಸ್ಥಳವಿತ್ತು. ಕಲಿಯುವ ಆಸೆಯುಳ್ಳವನಿಗೆ ಎಲ್ಲಿಯಾದರೂ ಒಂದು ಮಣೆ ಹಾಕಿ ಕೂರಿಸಬೇಕೆಂಬುದನ್ನು ತಮ್ಮ ಯೌವನದ ಅಲೆದಾಟವೇ ಅವರಿಗೆ ಕಲಿಸಿರಬೇಕು.

ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳಲ್ಲಿ ಅವರು ದಿವಾನರನ್ನು ಸ್ಮರಿಸಿರುವಂತೆಯೇ ಹೆಸರಿಲ್ಲದ ಹೃದಯವಂತರನ್ನೂ ಸ್ಮರಿಸಿದ್ದಾರೆ. ಬರವಣಿಗೆಗೆ ವಸ್ತು ದೂರದಲ್ಲಿಲ್ಲ, ನಾವು ಕಂಡ ಜನರಲ್ಲಿಯೇ ಇದೆಯೆಂಬುದಕ್ಕೆ ಆ ಸಂಪುಟಗಳೇ ಸಾಕ್ಷಿ. ಅವರ ಪುತ್ರ ಬಿ. ಜಿ. ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಯಾಗಿದ್ದುಕೊಂಡೇ ಕನ್ನಡದಲ್ಲಿ ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದರು. ತಂದೆಗೆ ಅದೇ ಪುರಸ್ಕಾರವು 1967ರಲ್ಲಿ, ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕಾಗಿ ಸಂದಿತ್ತು. ಆಗ ಅವರು 80ರ ವೃದ್ಧರು.

ಮನ್ನಣೆಗಳು ತಡವಾಗಿ, ಆದರೆ ಒಂದರ ಹಿಂದೊಂದು ಬಂದುವು. ಮೆಟ್ರಿಕ್ ಪರೀಕ್ಷೆಯನ್ನು ದಾಟದವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಭಾರತ ಸರ್ಕಾರವು 1974ರಲ್ಲಿ ಪದ್ಮಭೂಷಣವನ್ನಿತ್ತು ಗೌರವಿಸಿತು. 1970ರಲ್ಲಿ ಸಾರ್ವಜನಿಕರು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ತಮಗೆಂದು ಇಟ್ಟುಕೊಳ್ಳದೆ ಗೋಖಲೆ ಸಂಸ್ಥೆಗೆ ಒಪ್ಪಿಸಿದರು. 1975ನೆಯ ಇಸವಿ ಅಕ್ಟೋಬರ್ 7ರಂದು ಅವರು ದಿವಂಗತರಾದರು.

ನಮ್ಮ ಜಿಲ್ಲೆಯ ಮತ್ತೊಬ್ಬ ಹಿರಿಯರನ್ನೂ ಇಲ್ಲಿ ನೆನೆಯಬೇಕು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಆದರೂ ಕನ್ನಡದ ಸಣ್ಣಕತೆಗೆ ಭದ್ರವಾದ ಬುನಾದಿ ಹಾಕಿದವರು ಅವರು. 1983ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂತು. ಮನೆಮಾತು ಬೇರೆಯೆಂದು ಹಿಂಜರಿಯುವವರಿಗೆ ಮಾಲೂರು ಉತ್ತರ ಕೊಟ್ಟಿದೆ. ಪರೀಕ್ಷೆಯಲ್ಲಿ ಸೋತೆನೆಂದು ಕುಗ್ಗುವವರಿಗೆ ಮುಳಬಾಗಿಲು ಉತ್ತರ ಕೊಟ್ಟಿದೆ.

ಪ್ರಿಯ ಭಕ್ತಾದಿಗಳೇ, ಯಜಮಾನನು ಒಪ್ಪಿಸಿದ ನಾಣ್ಯವನ್ನು ಭಯದಿಂದ ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ಶುಭಸಂದೇಶದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅವನು ಕದಿಯಲಿಲ್ಲ, ಪೋಲುಮಾಡಲಿಲ್ಲ. ಅಂಜಿದ್ದೇ ಅವನ ತಪ್ಪು. ನಮ್ಮ ಮಕ್ಕಳ ಕೈಯಲ್ಲಿರುವ ಲೇಖನಿಯೂ ಅಂತಹುದೇ ಒಂದು ನಾಣ್ಯ. ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಬಲಿಪೂಜೆ ನಮ್ಮ ನುಡಿಗೆ ಬಂದ ಮೇಲೆ ಪ್ರಾರ್ಥನೆ, ಗೀತೆ, ಉಪದೇಶಗಳಿಗೆಲ್ಲ ಕನ್ನಡ ಬಲ್ಲ ಕೈಗಳು ಬೇಕಾಗಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಕುಟುಂಬಗಳಲ್ಲಿ ಅಂತಹ ಕೈಗಳು ಇಲ್ಲವೆಂದು ನಾವು ನಂಬಲಾರೆವು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮಗುವು ಬರೆದುದನ್ನು ಮೊದಲು ಪೂರ್ತಿಯಾಗಿ ಓದಿರಿ. ತಪ್ಪುಗಳನ್ನು ಆಮೇಲೆ ತಿದ್ದಬಹುದು. ಅಂಕಪಟ್ಟಿಯನ್ನು ನೋಡಿ ಅದರ ಬಾಳಿಗೆ ಬೆಲೆ ಕಟ್ಟಬೇಡಿರಿ. ತರುಣರೇ, ದಿನಕ್ಕೆ ಒಂದು ಪುಟವನ್ನು ಓದಿ, ನಾಲ್ಕು ಸಾಲನ್ನು ಬರೆಯಿರಿ. ಬರೆದುದನ್ನು ಬಲ್ಲವರಿಗೆ ತೋರಿಸಲು ನಾಚದಿರಿ. ನಮ್ಮ ದೇವಾಲಯದ ದ್ವಿಶತಮಾನೋತ್ಸವದ ಸಂಚಿಕೆಗೆ ಲೇಖನ ಕೋರಿ ಬರುವವರಿಗೆ, ತಮಗೆ ಬರೆಯಲು ಬಾರದೆಂಬ ಉತ್ತರ ಯಾವ ಮನೆಯಿಂದಲೂ ದೊರೆಯದಿರಲಿ. ವಾಕ್ಯರೂಪಿಯಾಗಿ ನಮ್ಮ ನಡುವೆ ಅವತರಿಸಿದ ಪ್ರಭು ಯೇಸುಕ್ರಿಸ್ತರು ನಮ್ಮ ಮಕ್ಕಳ ನುಡಿಯನ್ನೂ ಬರಹವನ್ನೂ ಆಶೀರ್ವದಿಸಲೆಂದು ಬೇಡುತ್ತೇವೆ.