ಮೈಲಾಪುರದ ರೋಮನ್ ಸನ್ಯಾಸಿ

ಮೈಲಾಪುರ ಅಂದಕೂಡಲೆ ಯಾರಿಗಾದರೂ ಕಪಾಲೀಶ್ವರನ ಗೋಪುರ ನೆನಪಾಗುತ್ತದೆ. ಅಲ್ಲಿಂದ ಸಮುದ್ರದ ಕಡೆಗೆ ನಡೆದರೆ ಸ್ಯಾಂಥೋಮ್. ಹಿಂದೆ ಪೋರ್ಚುಗೀಸರ ಪೇಟೆ. ಈ ಮೈಲಾಪುರದಲ್ಲಿ 1656ರ ಜನವರಿ 16ರಂದು ಕಣ್ಣು ಮಂಜಾದ ಒಬ್ಬ ಮುದುಕ ಸನ್ಯಾಸಿ ತೀರಿಕೊಂಡ. ಹುಟ್ಟಿದ್ದು ಇಟಲಿಯಲ್ಲಿ, ಹೆಸರು ರಾಬರ್ಟೊ ಡಿ ನೊಬಿಲಿ. ತಮಿಳರು ಕರೆದದ್ದು ತತ್ವಬೋಧಕ ಸ್ವಾಮಿ ಅಂತ. ಚೆನ್ನೈಗೆ ಬಿ.ಕಾಂ. ಓದಲು ಬಂದ ನಾನು ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಸಂಘದ ವಾಚಕರಿಗೂ ಹೇಳಬೇಕೆನ್ನಿಸಿತು.

ನೊಬಿಲಿ 1577ರಲ್ಲಿ ಮೊಂಟೆಪುಲ್ಚಾನೊ ಎಂಬ ಊರಿನ ದೊಡ್ಡ ಮನೆತನದಲ್ಲಿ ಹುಟ್ಟಿದ. ಮನೆಯವರು ಬೇಡವೆಂದರೂ ಕೇಳದೆ ನೇಪಲ್ಸಿಗೆ ಹೋಗಿ ಯೇಸುಸಭೆ ಸೇರಿದ. ಆ ಸಭೆಯ ತರಬೇತಿಯೇ ಒಂದು ವಿಶೇಷ. ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಬರೆದಿಟ್ಟ ಆತ್ಮಸಾಧನೆಯ ಪುಸ್ತಕವೊಂದಿದೆ, 1548ರಲ್ಲಿ ಪೋಪರ ಒಪ್ಪಿಗೆ ಪಡೆದದ್ದು. ಸುಮಾರು ಮೂವತ್ತು ದಿನ ಮೌನ, ಧ್ಯಾನ, ಜೊತೆಗೆ ದಾರಿ ತೋರಿಸೋಕೆ ಒಬ್ಬ ಹಿರಿಯ. ಇನ್ನೊಬ್ಬರ ಆತ್ಮ ನೋಡಿಕೊಳ್ಳಬೇಕಾದವನು ಮೊದಲು ತಾನೇ ಈ ಮೂವತ್ತು ದಿನ ಕೂತೇಳಬೇಕು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಆ ಪುಸ್ತಕದ ಎರಡು ಸಂಗತಿ ಬಹಳ ಹಿಡಿಸಿತು. ಒಂದು, ಲೆಕ್ಕ ಇಡುವ ರೀತಿ. ತನ್ನದೊಂದು ತಪ್ಪನ್ನು ಆರಿಸಿಕೊಂಡು, ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ ಎಳೆದು, ಎಷ್ಟು ಸಲ ಜಾರಿದೆ ಅಂತ ಮಧ್ಯಾಹ್ನಕ್ಕೊಮ್ಮೆ ರಾತ್ರಿಗೊಮ್ಮೆ ಚುಕ್ಕಿ ಹಾಕಬೇಕು. ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ತಾಳೆ ನೋಡಬೇಕು. ನಮ್ಮ ಕಿರ್ದಿ ಪುಸ್ತಕ ಬೇರೇನು! ಇನ್ನೊಂದು, ದಾರಿ ತೋರಿಸುವವನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಎದುರಿಗೆ ಕೂತವನನ್ನು ತನಗೆ ಬೇಕಾದ ಕಡೆಗೆ ವಾಲಿಸಬಾರದು. ಇಗ್ನೇಷಿಯಸ್ ಕಟ್ಟಿದ ನಿಯಮ ಇದು. 1599ರಲ್ಲಿ ಸಭೆಯವರು ಇಂಥ ಮಾರ್ಗದರ್ಶಕರಿಗೆಂದೇ ಒಂದು ಕೈಪಿಡಿಯನ್ನೂ ಹೊರತಂದರು. ನೊಬಿಲಿ ಆಗಿನ್ನೂ ಓದುತ್ತಿದ್ದ ಹುಡುಗ.

1605ರಲ್ಲಿ ಗೋವಾಕ್ಕೆ ಬಂದು, ಮುಂದಿನ ವರ್ಷ ಮಧುರೆ ಸೇರಿದ. ಅಲ್ಲಿ ಗೊನ್ಸಾಲೊ ಫೆರ್ನಾಂಡಿಸ್ ಎಂಬ ಹಿರಿಯ ಪಾದ್ರಿ ಹತ್ತು ವರ್ಷಕ್ಕೂ ಮೇಲಾಗಿ ದುಡಿಯುತ್ತಿದ್ದರೂ ಮಧುರೆಯ ಮೇಲ್ಜಾತಿಯವರು ಹತ್ತಿರ ಸುಳಿದಿರಲಿಲ್ಲ. ಕಾರಣ ಸರಳ. ದನ ತಿನ್ನುವ, ಕುಡಿಯುವ ಪರಂಗಿಯವರ ಮತ ಅದು ಅಂತ ಜನ ತಿಳಿದಿದ್ದರು. ನೊಬಿಲಿ ಕರಿ ನಿಲುವಂಗಿ ತೆಗೆದಿಟ್ಟು ಕಾವಿ ಉಟ್ಟ, ಕಾಲಿಗೆ ಮರದ ಪಾದುಕೆ, ಹಣೆಗೆ ಗಂಧ. ದಿನಕ್ಕೊಂದೇ ಊಟ, ಅದೂ ಸೊಪ್ಪು ತರಕಾರಿ. ತಮಿಳು ಕಲಿತ. ಶಿವಧರ್ಮ ಎಂಬ ತೆಲುಗು ಬ್ರಾಹ್ಮಣನಿಂದ ಸಂಸ್ಕೃತ ಕಲಿತ. ಗುರುವಾಗಲು ಬಂದವನು ಶಿಷ್ಯನಾಗಿ ಕೂತ ಅನ್ನಿ. ಮೊದಲು ಒಲಿದವನು ಒಬ್ಬ ಶಾಲಾ ಮೇಷ್ಟರು. ಸುಮಾರು ಇಪ್ಪತ್ತು ದಿನ, ದಿನಕ್ಕೆ ನಾಲ್ಕೈದು ಗಂಟೆ, ಇಬ್ಬರೂ ವಾದಿಸಿದರಂತೆ. ಮಾತಾಡಿಸದೆ ನೀರು ಚಿಮುಕಿಸಿ ಲೆಕ್ಕ ತೋರಿಸುವವನಲ್ಲ ಇವನು.

ಆದರೆ ಫೆರ್ನಾಂಡಿಸ್ ಮೇಲಿನವರಿಗೆ ದೂರು ಕೊಟ್ಟ. ಜುಟ್ಟು, ಜನಿವಾರ, ಗಂಧ ಇವೆಲ್ಲ ಪೂಜೆಗೆ ಸೇರಿದ್ದೋ ಬರೀ ಕುಲಾಚಾರವೋ ಅನ್ನೋದೇ ಪ್ರಶ್ನೆ. 1619ರಲ್ಲಿ ಗೋವಾದಲ್ಲಿ ಸಭೆ ಸೇರಿ ನೊಬಿಲಿಯನ್ನು ನಿಲ್ಲಿಸಿ ಕೇಳಿದರು. ಕೊನೆಗೆ 1623ರ ಜನವರಿಯಲ್ಲಿ ಹದಿನೈದನೇ ಗ್ರೆಗರಿ ಪೋಪರು, ಮೂಢನಂಬಿಕೆ ಸೇರದಿದ್ದರೆ ಇಟ್ಟುಕೊಳ್ಳಬಹುದು ಅಂತ ಅಪ್ಪಣೆ ಕೊಟ್ಟರು.

ಇಲ್ಲಿಯವರೆಗೆ ನೊಬಿಲಿಯನ್ನು ಮೆಚ್ಚಿಕೊಂಡು ಬಂದ ನಾನು ಮುಂದಿನದಕ್ಕೆ ತಡವರಿಸಿದೆ. ಸನ್ಯಾಸಿ ವೇಷದ ಪಾದ್ರಿ ಕೆಳಜಾತಿಯವರನ್ನು ಬಹಿರಂಗವಾಗಿ ಹತ್ತಿರ ಸೇರಿಸುವಂತಿರಲಿಲ್ಲ, ಸೇರಿಸಿದರೆ ಮೇಲಿನವರು ಎದ್ದು ಹೋಗುತ್ತಿದ್ದರು. ಹಾಗಾಗಿ 1640ರ ಹೊತ್ತಿಗೆ ಉಳಿದವರಿಗಾಗಿ ಪಂಡಾರಸ್ವಾಮಿಗಳು ಅಂತ ಬೇರೆ ಪಾದ್ರಿಗಳ ಪಂಗಡವೇ ಹುಟ್ಟಿತು. ಮೊದಲನೆಯವನು ಬಾಲ್ತಸಾರ್ ಡ ಕೋಸ್ಟ. ಆತ್ಮಕ್ಕೆ ಜಾತಿಯಿಲ್ಲ ಅಂತ ಹೇಳೋ ಗುರುಗಳಲ್ಲೇ ಎರಡು ಪಂಕ್ತಿ! ಕಾಲ ಹಾಗಿತ್ತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತಕ್ಕಡಿಯ ಮುಳ್ಳು ನಡುವೆ ನಿಲ್ಲಲಿಲ್ಲ, ಅಷ್ಟೇ. ಪಂಡಾರಸ್ವಾಮಿಗಳ ಕೈಕೆಳಗೆ ಜನ ಹೆಚ್ಚೆಚ್ಚು ಬಂದರು ಎಂಬುದನ್ನೂ ಮರೆಯಬಾರದು.

ಅದೇ 1640ರಲ್ಲಿ ಮಧುರೆಯಲ್ಲಿ ಸೆರೆಮನೆ ಕಂಡ ನೊಬಿಲಿ, ಆಮೇಲೆ ಯಾಳ್ಪಾಣಕ್ಕೆ, ಅಲ್ಲಿಂದ ಮೈಲಾಪುರಕ್ಕೆ ಬಂದ. ಸಭೆಯವರ ಕಟ್ಟಡದಲ್ಲಿರದೆ ಗುಡಿಸಲು ಹಾಕಿಕೊಂಡ. ಕಣ್ಣು ಕಾಣದಿದ್ದರೂ ಹೇಳಿ ಬರೆಸುವುದು, ತಿದ್ದಿಸುವುದು ನಡೆದೇ ಇತ್ತು.

ಆ ವರ್ಷಗಳಲ್ಲೇ ನಮ್ಮ ಶ್ರೀರಂಗಪಟ್ಟಣಕ್ಕೆ ಲಿಯೊನಾರ್ಡೊ ಚಿನ್ನಾಮಿ ಎಂಬ ಇನ್ನೊಬ್ಬ ಇಟಲಿಯವನು ಬಂದ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲ. ಅವನೂ ನೊಬಿಲಿಯಂತೆ ಸನ್ಯಾಸಿ ವೇಷ ತೊಟ್ಟ, ಕನ್ನಡ ಕಲಿತ, ಕನ್ನಡದಲ್ಲಿ ಧರ್ಮೋಪದೇಶ ಬರೆದ. ಮೈಸೂರು ಸೀಮೆಯ ಯೇಸುಸಭೆಯ ಕೆಲಸ ಶುರುವಾದದ್ದು ಅವನಿಂದ.