ಸಂಬಳ ಬಿಟ್ಟ ಸತ್ಯನ್

ವೃತ್ತಪತ್ರಿಕೆಯಲ್ಲಿ ಲೇಖನ ಓದಿದವರು ಬರೆದವರಾರೆಂದು ಒಮ್ಮೆಯಾದರೂ ಕಣ್ಣು ಹಾಯಿಸುವುದುಂಟು. ಚಿತ್ರ ನೋಡಿದವರು ತೆಗೆದವರಾರೆಂದು ಕೇಳುವುದು ಅಪರೂಪ. ಆ ಅಪರೂಪದ ಪ್ರಶ್ನೆಯನ್ನು ನಮ್ಮ ನಾಡಿನ ಓದುಗರು ಕೇಳುವಂತೆ ಮಾಡಿದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಮೊದಲಿಗರು. ಅವರ ಪೂರ್ಣ ಹೆಸರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ಅಷ್ಟುದ್ದದ ಹೆಸರಿಗೆ ಚಿತ್ರದ ಅಡಿಯಲ್ಲಿ ಯಾವ ಸಂಪಾದಕ ತಾನೆ ಜಾಗ ಕೊಟ್ಟಾನು? ಸತ್ಯನ್ ಎಂಬ ಚಿಕ್ಕ ಹೆಸರೇ ನಿಂತಿತು.

ಅವರು ಹುಟ್ಟಿದ್ದು 1923ರ ಡಿಸೆಂಬರ್ 18ರಂದು. ಓದಿದ್ದು ಬನುಮಯ್ಯನವರ ಶಾಲೆಯಲ್ಲಿ, ಆಮೇಲೆ ಮಹಾರಾಜಾ ಕಾಲೇಜಿನಲ್ಲಿ. ಕ್ಯಾಮೆರಾದ ಹುಚ್ಚು ವಿದ್ಯಾರ್ಥಿದೆಸೆಯಲ್ಲಿಯೇ ಹಿಡಿದಿತ್ತು. ಆ ಕಾಲದಲ್ಲಿ ನಮ್ಮವರ ಪಾಲಿಗೆ ಛಾಯಾಚಿತ್ರವೆಂದರೆ ಸ್ಟುಡಿಯೋದ ಚಿತ್ರ: ಹಿಂದೆ ಬಣ್ಣದ ಪರದೆ, ಮುಂದೆ ಕುರ್ಚಿ, ಉಸಿರು ಬಿಗಿಹಿಡಿದು ಕುಳಿತ ಸಂಸಾರ. ಬೀದಿಯಲ್ಲಿ ನಡೆಯುವುದನ್ನು ನಡೆಯುವಾಗಲೇ ಹಿಡಿಯಬೇಕೆಂಬ ಆಸೆ, ಅದರಿಂದಲೇ ಅನ್ನ ಸಂಪಾದಿಸಬೇಕೆಂಬ ಹಟ, ಪದವೀಧರನಾದ ತರುಣನಿಗೆ ಒಪ್ಪುವಂಥದೆಂದು ಯಾವ ಹಿರಿಯರೂ ಹೇಳುತ್ತಿರಲಿಲ್ಲ.

1948ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಆರಂಭವಾಯಿತು. ಸತ್ಯನ್ ಅದೇ ವರ್ಷ ಅದರ ಛಾಯಾಗ್ರಾಹಕರಾಗಿ ಸೇರಿದರು. ಆಗ ನಮ್ಮ ಗಬ್ಬೂರು ನಿಜಾಮನ ಆಳ್ವಿಕೆಯಲ್ಲಿತ್ತು. ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಕೊನೆಗೊಂಡಿತು. ರಜಾಕಾರರ ದಿನಗಳ ಮಾತನ್ನು ನಮ್ಮ ಮನೆಯ ಹಿರಿಯರ ಬಾಯಿಂದ ಬೇಕಾದಷ್ಟು ಕೇಳಿದ್ದೇನೆ, ಆದರೆ ಆ ದಿನಗಳ ಒಂದೇ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ಪತ್ರಿಕೆಯವನ ಕ್ಯಾಮೆರಾ ಬರದ ಊರಿನಲ್ಲಿ ಚರಿತ್ರೆ ಕಿವಿಯಿಂದ ಕಿವಿಗೆ ದಾಟಿತೇ ಹೊರತು ಕಣ್ಣಿಗೆ ದಕ್ಕಲಿಲ್ಲ. ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರಿನ ಮಾತು ಇದು! ಒಂಬೈನೂರು ವರ್ಷದ ಹಿಂದಿನದು ಕಲ್ಲಿನಲ್ಲಿ ಉಳಿಯಿತು, ಎಪ್ಪತ್ತೈದು ವರ್ಷದ ಹಿಂದಿನದು ಕಾಗದದಲ್ಲಿಯೂ ಉಳಿಯಲಿಲ್ಲ.

ಬೆಂಗಳೂರಿನಿಂದ ಸತ್ಯನ್ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾಕ್ಕೆ ಹೋದರು. ಭಾರತದಲ್ಲಿ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಗೌರವ ಕೊಡುವ ವಾರಪತ್ರಿಕೆ ಆಗ ಇನ್ನೊಂದಿರಲಿಲ್ಲ. ಕೆಲವು ವರ್ಷಗಳಲ್ಲಿ ಅದನ್ನೂ ಬಿಟ್ಟು ಯಾರ ನೌಕರನೂ ಅಲ್ಲದ ಛಾಯಾಗ್ರಾಹಕರಾದರು. ಇಂಥವರನ್ನು ನಮ್ಮ ಪತ್ರಿಕಾಭಾಷೆ ಹವ್ಯಾಸಿ ಎಂದು ಕರೆಯುತ್ತದೆ. ಕನ್ನಡ ಪಾಠ ಹೇಳುವ ನನಗೆ ಈ ಮಾತು ಹಿಡಿಸುವುದಿಲ್ಲ. ಹೊತ್ತು ಹೋಗದವನ ಅಭ್ಯಾಸ ಹವ್ಯಾಸ. ಇದಾದರೋ ತಿಂಗಳ ಮೊದಲ ತಾರೀಖು ಯಾರೂ ಸಂಬಳ ಕೊಡದ ದುಡಿಮೆ. ಫಿಲ್ಮು ಸ್ವಂತ ಖರ್ಚು, ರೈಲಿನ ಟಿಕೆಟ್ಟು ಸ್ವಂತ ಖರ್ಚು, ಕತ್ತಲೆಕೋಣೆಯ ರಾಸಾಯನಿಕಗಳೂ ಸ್ವಂತ ಖರ್ಚು. ಆ ಕಾಲದ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹದಿಮೂರನೆಯ ಕ್ಷಣದಲ್ಲಿ ಏನೇ ನಡೆಯಲಿ, ಸುರುಳಿ ಬದಲಿಸುತ್ತ ನಿಂತವನಿಗೆ ಅದು ಸಿಕ್ಕುವುದಿಲ್ಲ. ಸಿಕ್ಕಿದರೂ ತೊಳೆದು, ಒಣಗಿಸಿ, ಪ್ರತಿ ತೆಗೆದು, ಬೆನ್ನಿಗೆ ವಿವರ ಬರೆದು ಟಪಾಲಿಗೋ ವಿಮಾನಕ್ಕೋ ಮುಟ್ಟಿಸಬೇಕು. ಸುದ್ದಿ ತಣ್ಣಗಾದ ಮೇಲೆ ಮುಟ್ಟಿದ ಚಿತ್ರಕ್ಕೆ ಬೆಲೆಯಿಲ್ಲ.

ಈ ದಾರಿಯನ್ನು ಅವರಿಗಿಂತ ಮೊದಲು ತುಳಿದವರು ಪಶ್ಚಿಮದಲ್ಲಿದ್ದರು. ಬುಡಾಪೆಸ್ಟಿನಲ್ಲಿ 1913ರಲ್ಲಿ ಹುಟ್ಟಿದ ಎಂಡ್ರೆ ಫ್ರೀಡ್‌ಮನ್ ಬರ್ಲಿನ್ನಿನ ಚಿತ್ರಸಂಸ್ಥೆಯೊಂದರ ಕತ್ತಲೆಕೋಣೆಯಲ್ಲಿ ಸಹಾಯಕನಾಗಿದ್ದವನು. 1932ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಟ್ರಾಟ್‌ಸ್ಕಿಯ ಭಾಷಣ. ಆತನನ್ನು ಅಲ್ಲಿಗೆ ಕಳಿಸಿದರು. ಚಿಕ್ಕ ಲೈಕಾ ಕ್ಯಾಮೆರಾದಿಂದ ತೆಗೆದ ಆ ಚಿತ್ರಗಳೇ ಅವನ ಮೊದಲ ಹೆಸರು. ಹಾಗೆಂದು ಹೊಟ್ಟೆ ತುಂಬಲಿಲ್ಲ. ಪ್ಯಾರಿಸ್ಸಿನಲ್ಲಿ ಕ್ಯಾಮೆರಾವನ್ನು ಅಡವಿಟ್ಟು ಊಟ ಮಾಡಿದ್ದುಂಟು. ಕೊನೆಗೆ ಅವನೂ ಅವನ ಸಂಗಾತಿ ಗೆರ್ಡಾ ಟಾರೋಳೂ ಸೇರಿ ರಾಬರ್ಟ್ ಕಾಪಾ ಎಂಬ ಇಲ್ಲದ ಅಮೆರಿಕನ್ ಛಾಯಾಗ್ರಾಹಕನನ್ನು ಕಲ್ಪಿಸಿ ಅವನ ಹೆಸರಿನಲ್ಲಿ ಚಿತ್ರಗಳನ್ನು ಮಾರಿದರು! 1937ರಲ್ಲಿ ಟಾರೋ ಸ್ಪೇನಿನ ಯುದ್ಧದಲ್ಲಿ ಟ್ಯಾಂಕಿಗೆ ಸಿಲುಕಿ ಸತ್ತಳು. ಕಾಪಾ 1954ರಲ್ಲಿ ಇಂಡೋಚೈನಾದಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು ಸತ್ತ. ನಡುವೆ, 1947ರಲ್ಲಿ, ಅವನೂ ಕಾರ್ಟಿಯೇ ಬ್ರೆಸ್ಸೋನ್ ಮೊದಲಾದ ಗೆಳೆಯರೂ ಮ್ಯಾಗ್ನಮ್ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಅದರ ಮುಖ್ಯ ನಿಯಮ ಒಂದೇ: ಚಿತ್ರದ ಹಕ್ಕು ಅದನ್ನು ತೆಗೆದವನದು, ಅಚ್ಚು ಮಾಡಿದ ಪತ್ರಿಕೆಯದಲ್ಲ. 1948ರ ಜನವರಿ 30ರಂದು ಗಾಂಧೀಜಿಯವರನ್ನು ಕೊಲೆಗೆ ಸ್ವಲ್ಪವೇ ಮೊದಲು ಕಂಡು, ಬಳಿಕ ಅವರ ಅಂತಿಮಯಾತ್ರೆಯನ್ನು ಚಿತ್ರಿಸಿದ ಬ್ರೆಸ್ಸೋನ್ ಈ ಮ್ಯಾಗ್ನಮ್ಮಿನವರೇ.

ನೌಕರನಾದ ಛಾಯಾಗ್ರಾಹಕನ ನೆಗೆಟಿವ್ ಕಚೇರಿಯ ಬೀರುವಿಗೆ ಸೇರುತ್ತದೆ. ಸ್ವತಂತ್ರನದು ಅವನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಸತ್ಯನ್ ಬಿಟ್ಟದ್ದು ಸಂಬಳವನ್ನು, ಪಡೆದದ್ದು ಈ ಪೆಟ್ಟಿಗೆಯನ್ನು. ಇದು ಹಳೆಯ ಕಾಲದ ಮಾತೆಂದು ಓದುಗರು ತಿಳಿಯಬಾರದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿದಾಗ ನನ್ನ ವಿದ್ಯಾರ್ಥಿಯೊಬ್ಬ ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದ. ಯಾರೋ ಕೇಳಿದರು, ಕಳಿಸಿದ, ಮರುದಿನ ಅಚ್ಚಾಯಿತು. ಹೆಸರಿಲ್ಲ, ಹಣವಿಲ್ಲ. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲವೆಂಬುದೇ ನನಗೆ ಬೇಸರ ತಂದಿತು. ಆ ವಾರ ತರಗತಿಯಲ್ಲಿ ಪಠ್ಯ ಬದಿಗಿಟ್ಟು ಸತ್ಯನ್ ಅವರ ಕಥೆ ಹೇಳಿದೆ. ಚಿತ್ರ ಕಳಿಸುವ ಮೊದಲು ದರ ಕೇಳಬೇಕು, ಹೆಸರು ಹಾಕುವಂತೆ ಬರೆದು ತಿಳಿಸಬೇಕು, ಮೂಲವನ್ನು ತಾನೇ ಇಟ್ಟುಕೊಳ್ಳಬೇಕು, ಸ್ಥಳ ಮತ್ತು ದಿನಾಂಕವನ್ನು ಆಗಲೇ ಗುರುತು ಹಾಕಬೇಕು, ಹೊಳೆಯ ಅಂಚಿಗೆ ಹೋಗಬಾರದು; ಇಷ್ಟನ್ನು ಹುಡುಗರು ಬರೆದುಕೊಂಡರು. ಪರೀಕ್ಷೆಗೆ ಬರುವುದೇ ಎಂದು ಒಬ್ಬ ಕೇಳಿದ.

ಲೈಫ್, ಟೈಮ್, ನ್ಯೂಸ್‌ವೀಕ್ ಪತ್ರಿಕೆಗಳು ಸತ್ಯನ್ ಅವರ ಚಿತ್ರಗಳನ್ನು ಪ್ರಕಟಿಸಿದವು. ಆದರೂ ಅವರ ಕಣ್ಣು ಗದ್ದಲದ ಸುದ್ದಿಗಿಂತ ಸುದ್ದಿಯಾಗದ ಮನುಷ್ಯರ ಕಡೆಗೇ ಹೆಚ್ಚು ಒಲಿಯಿತು. ನನ್ನ ಅಭಿಪ್ರಾಯದಲ್ಲಿ ಅವರ ಶ್ರೇಷ್ಠ ಕೆಲಸ ಅಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬಿನ ನಿರ್ಮೂಲನ ಕಾರ್ಯವನ್ನು ಚಿತ್ರಿಸಿದರು. ಯುನಿಸೆಫ್‌ಗಾಗಿ ಮಕ್ಕಳನ್ನು ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿಯೇ ನಡೆಯಿತು. ಎರಡು ವರ್ಷ ಮೊದಲೇ, 1977ರಲ್ಲಿ, ಪದ್ಮಶ್ರೀ ಬಂದಿತ್ತು. ದುಃಖಿಯ ಮುಖದ ಮುಂದೆ ಕ್ಯಾಮೆರಾ ಹಿಡಿಯುವವನಿಗೆ ಇರಬೇಕಾದ ಸಂಕೋಚ ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ಕಾಣುತ್ತದೆ. ಅಲ್ಲಿ ಬಡವರು ಬಡತನಕ್ಕೆ ಉದಾಹರಣೆಗಳಾಗಿ ನಿಂತಿಲ್ಲ. ತಮ್ಮ ಕೆಲಸದಲ್ಲಿ, ನಗುವಿನಲ್ಲಿ ತೊಡಗಿದ್ದಾರೆ.

ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದರು. ಇಂಗ್ಲಿಷಿನಲ್ಲಿ ಆತ್ಮಕಥನ ಬರೆದರು, ಕನ್ನಡದಲ್ಲಿ ಕಾಲಕ್ಕೆ ಕನ್ನಡಿ ಬರೆದರು. ಅದು ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಇರಬೇಕಾದ ಪುಸ್ತಕ. 2009ರ ಅಕ್ಟೋಬರಿನಲ್ಲಿ ಮಹಾಮಳೆ ನಮ್ಮ ರಾಯಚೂರು ಜಿಲ್ಲೆಯನ್ನು ಮುಳುಗಿಸಿತು. ಆ ನೀರು ಇಳಿದು ಎರಡು ತಿಂಗಳಿಗೆ, ಡಿಸೆಂಬರ್ 13ರಂದು, ಎಂಬತ್ತಾರು ತುಂಬಲು ಐದೇ ದಿನಗಳಿರುವಾಗ ಸತ್ಯನ್ ಮೈಸೂರಿನಲ್ಲಿ ತೀರಿಕೊಂಡರು.